ಚೆನ್ನಯ್ಯ ತಿಂದ ಅರ್ಧ ಹಣ್ಣು

ಎಲ್ಲದಕ್ಕೂ ಕಾರಣ ಕುಂಞನ ಚಾದಂಗಡಿಯ ಬೇಲಿಗೆ ತಾನಾಗಿ ಹಬ್ಬಿದ ಒಂದು ಬಳ್ಳಿ. ಕಾಸರಗೋಡು ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಕುಂಬಳೆಯಲ್ಲಿ ರೈಲಿಳಿದು ಪುತ್ತಿಗೆಗೆ ನಡೆದು ಬಂದ ಯಾವನೋ ದಾರಿಹೋಕ ಅಲ್ಲಿ ಬೀಜ ಉಗುಳಿ ಹೋಗಿರಬೇಕು. ಇವತ್ತು ಅದನ್ನು ಶರಬತ್ತಿನ ಹಣ್ಣು ಎಂದು ಮಕ್ಕಳೂ ಗುರುತಿಸುತ್ತವೆ, ನೆಂಟರು ಬಂದರೆ ಸಕ್ಕರೆ ಹಾಕಿ ಕುಡಿಯಲು ಕೊಡುತ್ತಾರೆ. ಆಗ ಪುತ್ತಿಗೆಯಲ್ಲಿ ಅದನ್ನು ಕಂಡವರೇ ಇರಲಿಲ್ಲ.

ಹಣ್ಣುಗಳು ನೇರಳೆ ಬಣ್ಣಕ್ಕೆ ತಿರುಗಿ ಮುದುಕಿಯ ಕೆನ್ನೆಯ ಹಾಗೆ ಸುಕ್ಕುಗಟ್ಟಿದ ಮೇಲೆ, ಒಂದು ದಿನ ಬೆಳಿಗ್ಗೆ ಕುಂಞ ಒಂದನ್ನು ಕೊಯ್ದು ಬೆಂಚಿನ ಮೇಲಿಟ್ಟು ಎರಡು ಹೋಳು ಮಾಡಿದ. ಒಳಗೆ ಹಳದಿ ಲೋಳೆ, ಲೋಳೆಯ ತುಂಬ ಕಪ್ಪು ಬೀಜ.

“ಕಪ್ಪೆಯ ಮೊಟ್ಟೆ!” ಎಂದರು ಪಕ್ಕದ ಮನೆಯ ದಮಯಂತಿಯಕ್ಕ, ಮೂಗಿಗೆ ಸೆರಗು ಹಿಡಿದು.

“ಆದ್ರೆ ಪರಿಮಳ ಉಂಟಲ್ಲ ಅಕ್ಕ,” ಎಂದ ಕುಂಞ.

“ಪರಿಮಳ ಇದ್ದದ್ದೆಲ್ಲ ತಿನ್ಲಿಕ್ಕೆ ಆಗ್ತದಾ? ಊದುಬತ್ತಿ ತಿಂತೀಯಾ ನೀನು?” ಎಂದರು ಹರಿನಾಥ ಶೆಟ್ಟರು. ಊರಿನ ಅರ್ಧ ಗದ್ದೆ ಅವರದ್ದಾದ್ದರಿಂದ ಪ್ರತಿಯೊಂದು ಚರ್ಚೆಯಲ್ಲಿ ಕೊನೆಯ ಮಾತೂ ಅವರದ್ದೇ. “ಯಾರಾದ್ರೂ ಒಬ್ಬ ತಿಂದು ನೋಡ್ಬೇಕು. ಹೆಂಡ್ತಿ ಮಕ್ಕಳಿದ್ದವ ಬೇಡ. ಹೆಚ್ಚುಕಡಿಮೆ ಆದ್ರೆ ಅವರ ಬಾಯಿಗೆ ಬೀಳುವುದು ಯಾರು?”

ಎಲ್ಲರ ಕಣ್ಣೂ ಬೆಂಚಿನ ತುದಿಯಲ್ಲಿ ಚಾ ಆರಿಸಿಕೊಳ್ಳುತ್ತಿದ್ದ ಟೈಲರ್ ಚೆನ್ನಯ್ಯನ ಮೇಲೆ ಹೋಯಿತು.

ಚೆನ್ನಯ್ಯ ಅಡೂರಿನವ. ಹೆಂಡತಿ ತೀರಿಕೊಂಡ ಮೇಲೆ ಹೊಲಿಗೆ ಮಿಶನ್ನನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಇಲ್ಲಿಗೆ ಬಂದು, ಚಾದಂಗಡಿಗೆ ತಾಗಿದ ಕೋಣೆಯಲ್ಲಿ ಕೂತಿದ್ದ. ಜನ ಬರುತ್ತಿರಲಿಲ್ಲ ಎಂದಲ್ಲ. ಬಂದು, ಕೈ ಚಾಚಿ ನಿಂತು, ಅಳತೆ ಕೊಟ್ಟು, ಟೇಪು ತೆಗೆದ ಕೂಡಲೇ ಹೊರಟುಬಿಡುತ್ತಿದ್ದರು. ಊರಿನವರೆಲ್ಲರ ಎದೆಯ ಸುತ್ತಳತೆ ಅವನಿಗೆ ಬಾಯಿಪಾಠ. ಅವನು ಉಂಡನೋ ಬಿಟ್ಟನೋ ಎಂದು ಕೇಳಿದವರು ಒಬ್ಬರಿಲ್ಲ. ಸಂಜೆ ಕೆಲಸ ಮುಗಿದ ಮೇಲೂ ಅವನು ಸೂಜಿಯ ಕೆಳಗೆ ಬಟ್ಟೆಯಿಡದೆ ಸ್ವಲ್ಪ ಹೊತ್ತು ಮಿಶನ್ನು ತುಳಿಯುವುದಿತ್ತು, ಕೋಣೆಯಲ್ಲಿ ಏನಾದರೂ ಒಂದು ಸದ್ದು ಇರಲಿ ಎಂದು.

ಶೆಟ್ಟರು ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. “ಚೆನ್ನಯ್ಯ, ನಿನಗೆ ಹಿಂದೆ ಮುಂದೆ ಯಾರೂ ಇಲ್ಲ ಅಲ್ಲವಾ?”

ಬೇರೆಯವರಾಗಿದ್ದರೆ ಎದ್ದು ಜಗಳಕ್ಕೆ ನಿಲ್ಲುತ್ತಿದ್ದರು. ಚೆನ್ನಯ್ಯನಿಗೆ ಮಾತಿಗಿಂತ ಹೆಗಲ ಮೇಲಿನ ಕೈಯೇ ಹೆಚ್ಚು ತಿಳಿಯಿತು. “ಯಾರೂ ಇಲ್ಲ ಶೆಟ್ರೇ,” ಎಂದವನೇ ಒಂದು ಹೋಳನ್ನು ಎತ್ತಿ ಹೀರಿಬಿಟ್ಟ.

“ಎಂತ ಆಗ್ತಾ ಉಂಟು? ಎಂತ ಆಗ್ತಾ ಉಂಟು?”

“ಹುಳಿ... ಮತ್ತೆ ಸಿಹಿ... ಒಳ್ಳೆದುಂಟು ಶೆಟ್ರೇ!”

ಯಾರೂ ಕದಲಲಿಲ್ಲ. ದಮಯಂತಿಯಕ್ಕ ಅವನ ನಾಲಿಗೆ ಹೊರಗೆ ಹಾಕಿಸಿ ನೋಡಿದರು. ಶೆಟ್ಟರು ಅವನನ್ನು ರಸ್ತೆಯಲ್ಲಿ ಆಚೆಯಿಂದ ಈಚೆಗೆ ನಡೆಸಿದರು. ಕುಂಞ ಬಿಟ್ಟಿ ಚಾ ಕೊಟ್ಟ. ಅಷ್ಟು ಜನ ಒಟ್ಟಿಗೆ ತನ್ನ ಮುಖ ನೋಡಿದ್ದು ಮದುವೆಯ ದಿನ ಬಿಟ್ಟರೆ ಇವತ್ತೇ ಎಂದು ಚೆನ್ನಯ್ಯ ಒಳಗೊಳಗೇ ಹಿಗ್ಗಿದ.

ಮಧ್ಯಾಹ್ನವಾದರೂ ಅವನಿಗೆ ಏನೂ ಆಗಲಿಲ್ಲ. “ಇವ ಸಾಯ್ಲಿಕ್ಕಿಲ್ಲ,” ಎಂದು ಶೆಟ್ಟರು ತೀರ್ಪು ಕೊಟ್ಟರು. ಅದರೊಂದಿಗೆ ಎಲ್ಲರಿಗೂ ಮನೆಯ ಕೆಲಸ ನೆನಪಾಯಿತು. ಬೇಲಿಯ ಹತ್ತಿರ ಸ್ವಲ್ಪ ಹೊತ್ತು ಎಲೆಗಳು ಸರಪರ ಎಂದವು. ಮತ್ತೆ ನೋಡಿದರೆ ಯಾರೂ ಇರಲಿಲ್ಲ.

ಚೆನ್ನಯ್ಯ ಕೋಣೆಗೆ ಬಂದು ಮಿಶನ್ನಿನ ಮುಂದೆ ಕೂತ. ಹೊಲಿಯಲು ಮನಸ್ಸಾಗಲಿಲ್ಲ. ಹೆಂಡತಿಯ ಉತ್ತರಕ್ರಿಯೆಯ ಬೊಜ್ಜ ಮುಗಿಸಿ ನೆಂಟರೆಲ್ಲ ಎದ್ದು ಹೋದ ಸಂಜೆ ಆಗಿದ್ದ ಸಂಕಟವೇ ಈಗಲೂ ಆಯಿತು. ತಾನು ಆರೋಗ್ಯವಾಗಿ ಉಳಿದದ್ದೇ ತಪ್ಪಾಯಿತೇನೋ ಎಂದು ಅನಿಸಿತು. ಹೊಟ್ಟೆ ಹಿಡಿದುಕೊಂಡು ಸಣ್ಣದೊಂದು “ಅಯ್ಯೋ” ಹೇಳಿ ನೋಡಿದ. ಯಾರೂ ಬರಲಿಲ್ಲ. ಮತ್ತೊಂದು ದೊಡ್ಡದು ಹೇಳಿದ.

ಜನ ಬಂದ ವೇಗ ಕಂಡು ಅವನೇ ಬೆಚ್ಚಿದ. ಕುಂಞ ಒಲೆಯ ಮೇಲೆ ಹಾಲು ಬಿಟ್ಟು ಬಂದಿದ್ದ. ದಮಯಂತಿಯಕ್ಕ ಒದ್ದೆ ಕೈಯಲ್ಲೇ ಬಂದರು. ಹುಟ್ಟಿದಂದಿನಿಂದ ಓಡದ ಶೆಟ್ಟರು ಮುಂಡಿನ ತುದಿ ಎತ್ತಿ ಹಿಡಿದು ಓಡಿ ಬಂದರು.

“ಎಷ್ಟು ಹೊತ್ತಾಯ್ತು ಶುರುವಾಗಿ? ಹೊಕ್ಕುಳ ಮೇಲೋ, ಕೆಳಗೋ?” ಎಂದು ಕೇಳುತ್ತಾ ಶೆಟ್ಟರು ತಮ್ಮ ಶಾಲಿನಿಂದಲೇ ಗಾಳಿ ಹಾಕಿದರು.

“ಒಂದೂ ಬಿಡದೆ ಹೇಳು ಚೆನ್ನಯ್ಯ, ನಾಚಿಕೆ ಮಾಡ್ಬೇಡ,” ಎಂದು ದಮಯಂತಿಯಕ್ಕ ಜೀರಿಗೆ ನೀರು ಕುಡಿಸಿದರು.

ಚೆನ್ನಯ್ಯನ ಕಣ್ಣು ತುಂಬಿತು. ಅವನ ನೋವನ್ನು ಇಷ್ಟು ಅಕ್ಕರೆಯಿಂದ ಹೆಂಡತಿಯೂ ವಿಚಾರಿಸಿರಲಿಲ್ಲ. ಇಷ್ಟೆಲ್ಲ ಕೇಳುವವರಿಗೆ ಏನೂ ಇಲ್ಲ ಎನ್ನುವುದು ಹೇಗೆ?

“ಮೊದಲು ಕಿವಿ ಬಿಸಿ ಆಯ್ತು,” ಎಂದ. ಶೆಟ್ಟರು ತಮ್ಮ ಕಿವಿ ಮುಟ್ಟಿ ನೋಡಿಕೊಂಡರು.

“ಮತ್ತೆ ನಾಲಿಗೆ ದಪ್ಪ ಆಯ್ತು.” ದಮಯಂತಿಯಕ್ಕ ತಟ್ಟನೆ ಬಾಯಿ ಮುಚ್ಚಿದರು.

“ಈಗ ಮೊಣಕಾಲಲ್ಲಿ ಜೀವ ಇಲ್ಲ.” ಕುಂಞ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತ.

ವೈದ್ಯ ವೆಂಕಟಕೃಷ್ಣ ಪಂಡಿತರನ್ನು ಕರೆಸಿದ್ದಾಯಿತು. ಅವರು ಬಹಳ ಹೊತ್ತು ನಾಡಿ ಹಿಡಿದು, “ಎಷ್ಟು ತಿಂದದ್ದು?” ಎಂದು ಕೇಳಿದರು.

“ಅರ್ಧ ಹಣ್ಣು ಪಂಡಿತರೇ.”

“ಅರ್ಧವೇ!” ಎಂದು ಪಂಡಿತರು ಅವನ ಕೈ ಬಿಟ್ಟರು. ಶುಂಠಿ ಕಷಾಯಕ್ಕೆ ಹರಳೆಣ್ಣೆ ಸುರಿದು, “ವಿಷ ಕೆಳಗೆ ಇಳಿದು ಹೋಗ್ಬೇಕು, ಕುಡಿ,” ಎಂದರು. ಸುತ್ತ ನಿಂತವರೆಲ್ಲ “ಕುಡಿ, ಕುಡಿ” ಎಂದು ಅಂಗಲಾಚಿದಾಗ ಚೆನ್ನಯ್ಯನಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಒಂದೇ ಗುಟುಕಿಗೆ ಕುಡಿದ.

ಆಗ ಬಟ್ಟೆಯ ರಾಶಿಯಿಂದ ಕುಂಞನ ಅಳು ಕೇಳಿಸಿತು. “ಪಂಡಿತರೇ, ಇವನಿಗೆ ಎಂತ ಆಗ್ಲಿಲ್ಲ ಅಂತ ನಾನು ನಾಲ್ಕು ತಿಂದೆ!”

“ನಾನು ಗೊಜ್ಜು ಮಾಡಿ ಮನೆಯವರಿಗೆಲ್ಲ ಬಡಿಸಿದೆ!” ಎಂದು ದಮಯಂತಿಯಕ್ಕ ಎದೆ ಬಡಿದುಕೊಂಡರು.

ಶೆಟ್ಟರು ಲೆಕ್ಕ ಹೇಳುವ ಸ್ಥಿತಿಯಲ್ಲಿರಲಿಲ್ಲ. “ಶಾಲಿನಲ್ಲಿ ಕಟ್ಟಿಕೊಂಡು ಹೋಗಿದ್ದೆ,” ಎಂದಷ್ಟೇ ಹೇಳಿದರು.

“ಅದರಲ್ಲಿ ನನಗೂ ಕಳಿಸಿದ್ರಲ್ಲ ಮಾರಾಯ್ರೇ!” ಎಂದು ಪಂಡಿತರು ಬಾಕಿ ಉಳಿದ ಕಷಾಯವನ್ನು ತಾವೇ ಎತ್ತಿ ಕುಡಿದರು.

ಚೆನ್ನಯ್ಯನಿಗೆ ಈಗ ಅರ್ಥವಾಯಿತು. ಇವರು ವಿಚಾರಿಸಿದ್ದು ಅವನ ಹೊಟ್ಟೆಯನ್ನಲ್ಲ, ತಮ್ಮ ತಮ್ಮ ಹೊಟ್ಟೆಯನ್ನು. ಬೇಸರವಾಯಿತು. ಆದರೆ ಅವರ ಬಿಳಿಚಿದ ಮುಖಗಳನ್ನು ಕಂಡು ಬೇಸರಕ್ಕಿಂತ ಪಾಪ ಅನಿಸಿದ್ದೇ ಹೆಚ್ಚು. ಎದ್ದು ಕೂತು, “ಹೆದರ್ಬೇಡಿ! ನನಗೆ ಎಂತ ಸಹ ಆಗ್ಲಿಲ್ಲ. ನೀವು ಬರಲಿ ಅಂತ ಸುಮ್ಮನೆ ಹೇಳಿದ್ದು!” ಎಂದ.

ಎಲ್ಲರೂ ಪಂಡಿತರ ಮುಖ ನೋಡಿದರು.

“ತಲೆಗೆ ಏರಿತು,” ಎಂದರು ಪಂಡಿತರು. “ಇನ್ನು ತಡ ಮಾಡಿದ್ರೆ ನಮಗೂ ಹೀಗೆಯೇ. ಎಲ್ಲರೂ ಮನೆಗೆ ನಡೀರಿ, ಎಣ್ಣೆ ನಾನು ತರ್ತೇನೆ!”

ಕೋಣೆ ಖಾಲಿಯಾಯಿತು. ಪಂಡಿತರ ಸೀಸೆ ಮನೆಯಿಂದ ಮನೆಗೆ ಹೋಯಿತು. ಗೋಡೆಯಾಚೆ ದಮಯಂತಿಯಕ್ಕನ ಮನೆಯಲ್ಲಿ ಅತ್ತೆ ಸೊಸೆಯ ತಲೆ ಹಿಡಿದಿದ್ದರು, ಸೊಸೆ ಮಕ್ಕಳ ಬೆನ್ನು ನೀವುತ್ತಿದ್ದಳು, ಒಬ್ಬರು ಇನ್ನೊಬ್ಬರನ್ನು ಸಮಾಧಾನ ಮಾಡುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಚೆನ್ನಯ್ಯ ಗೋಡೆಗೆ ಒರಗಿ ಅದನ್ನೇ ಕೇಳುತ್ತಾ ಕೂತ.

ಮಬ್ಬುಗತ್ತಲಾಗುವ ಹೊತ್ತಿಗೆ ಹರಳೆಣ್ಣೆ ತನ್ನ ಕೆಲಸ ಶುರು ಮಾಡಿತು. ಈ ಸಲದ ನೋವು ನಿಜವಾದದ್ದು. “ಅಯ್ಯೋ” ಎಂದು ಕೂಗಲೂ ಪುರುಸೊತ್ತು ಕೊಡಲಿಲ್ಲ. ಚೆನ್ನಯ್ಯ ಚೆಂಬು ಹಿಡಿದುಕೊಂಡು ಅಂಗಡಿಯ ಹಿಂದಿನ ಗುಡ್ಡೆಗೆ ಓಡಿದ.

ಗುಡ್ಡೆಯಲ್ಲಿ ಮೊದಲ ಗೇರು ಮರದ ಹಿಂದೆ ಶೆಟ್ಟರಿದ್ದರು. ಎರಡನೆಯದರ ಹಿಂದೆ ಕುಂಞ. ಅದರಾಚೆ, ಜನಿವಾರ ಕಿವಿಗೆ ಸುತ್ತಿಕೊಂಡು ಪಂಡಿತರು. ಇನ್ನೂ ಮೇಲೆ ಶೆಟ್ಟರ ಮನೆಯ ಗಂಡಸರೆಲ್ಲ ಸಾಲಾಗಿ. ಇಡೀ ಊರೇ ಸೇರಿತ್ತು. ಆ ಸಂಕಟದಲ್ಲೂ ಚೆನ್ನಯ್ಯನ ಮುಖ ಒಂದು ಕ್ಷಣ ಅರಳಿತು.

“ಶೆಟ್ರೇ, ನನಗೂ...” ಎಂದು ಬಾಯಿ ತೆರೆದ.

ಚೆಂಬು ಹಿಡಿದು ಗುಡ್ಡೆಗೆ ಬಂದವರು ಒಬ್ಬರನ್ನೊಬ್ಬರು ಮಾತನಾಡಿಸುವ ಪದ್ಧತಿ ಎಲ್ಲೂ ಇಲ್ಲ. ಶೆಟ್ಟರು ಅವನನ್ನು ಕಾಣದವರ ಹಾಗೆ ಆ ಕಡೆ ಮುಖ ತಿರುಗಿಸಿದರು. ಕುಂಞನೂ ತಿರುಗಿಸಿದ. ಪಂಡಿತರೂ ತಿರುಗಿಸಿದರು. ಚೆನ್ನಯ್ಯ ಬಾಯಿ ಮುಚ್ಚಿಕೊಂಡು, ಹಿಂದೆ ಯಾರೂ ಇಲ್ಲದ ಒಂದು ಮರವನ್ನು ಹುಡುಕುತ್ತಾ ಗುಡ್ಡೆ ಹತ್ತಿದ.