ತಪ್ಪು ರಿಜಿಸ್ಟರಿನ ನಾಲ್ಕನೆಯ ಕಲಂ

ಮನೆಯಲ್ಲಿ ಏನಾದರೂ ಕೆಟ್ಟರೆ ಜನ ರಿಪೇರಿಯವರನ್ನು ಹುಡುಕುತ್ತಾರೆ. ನಮ್ಮ ಇನ್ಸ್‌ಪೆಕ್ಟರು ಮೊದಲು ಅಪರಾಧಿಯನ್ನು ಹುಡುಕುತ್ತಾರೆ. (ಪೊಲೀಸಲ್ಲ, ಗಾಬರಿಯಾಗಬೇಡಿ. ಸ್ಕ್ರೂ ಕಾರ್ಖಾನೆಯಲ್ಲಿ ಸೊಟ್ಟ ಸ್ಕ್ರೂ ಆರಿಸಿ ಬುಟ್ಟಿಗೆ ಹಾಕುವ ಮಹತ್ಕಾರ್ಯ ಅವರದು.) ಇದಕ್ಕೆಂದೇ ಮನೆಯಲ್ಲೊಂದು ತಪ್ಪು ರಿಜಿಸ್ಟರ್ ಇಟ್ಟಿದ್ದಾರೆ. ದಿನ, ವಸ್ತು, ಕಾರಣ, ದೋಷಿ ಎಂದು ನಾಲ್ಕು ಕಲಂ. ನಾಲ್ಕನೆಯದರಲ್ಲಿ ಹನ್ನೊಂದು ವರ್ಷದಿಂದ 'ಹೆಂಡತಿ'ಯದೇ ಏಕಚಕ್ರಾಧಿಪತ್ಯ.

ಆ ಹೆಂಡತಿ, ಅಂದರೆ ಗಣಿತದ ಟೀಚರ್, ಎಂಟು ದಿನ ಅಕ್ಕನ ಮನೆಯಲ್ಲಿದ್ದು ಶನಿವಾರ ಬಂದು ಲ್ಯಾಪ್‌ಟಾಪ್ ತೆರೆದರು. ಸಂಜೆ ನಾಲ್ಕರೊಳಗೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಹೆಡ್‌ಮಿಸ್ಟ್ರೆಸ್‌ಗೆ ತಲುಪದಿದ್ದರೆ ಇಪ್ಪತ್ತು ವರ್ಷದ ಮರ್ಯಾದೆ ಮೂರು ಕಾಸು. ಪಾಸ್‌ವರ್ಡ್ ಒತ್ತಿದರೆ ಪರದೆಯಲ್ಲಿ ಒಂದು ಚುಕ್ಕಿಯೂ ಮೂಡಲಿಲ್ಲ.

"ರೀ, ಕೀಬೋರ್ಡ್ ಕೆಲಸ ಮಾಡ್ತಿಲ್ಲ."

"ಬಿಸ್ಕತ್ತಿನ ಪುಡಿ," ಎಂದರು ಇನ್ಸ್‌ಪೆಕ್ಟರು, ಪೇಪರಿನಿಂದ ತಲೆಯೆತ್ತದೆ.

"ಎಂಟು ದಿನ ನಾನು ಮನೇಲೇ ಇರ್ಲಿಲ್ಲವಲ್ರೀ!"

"ಪುಡಿ ಇತ್ತಲ್ಲ. ಅದೇನು ನಿನ್ನ ಜೊತೆ ಬಸ್ ಹತ್ತಿತ್ತಾ?"

ಹೀಗೆ ತೀರ್ಪು ಕೊಟ್ಟು, ರಿಜಿಸ್ಟರಿನಲ್ಲಿ ಬರೆದಿಟ್ಟು, ಆಮೇಲೆ ತನಿಖೆಗಿಳಿದರು. ಲ್ಯಾಪ್‌ಟಾಪನ್ನು ಬೋರಲು ಹಿಡಿದು ಕೊಡವಿದರು. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿದರು. ಮೂರು ಸಲ ಆಫ್ ಮಾಡಿ ಆನ್ ಮಾಡಿದರು. ಅದು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಹೆಂಡತಿಯದೇ ಹೇರ್‌ಪಿನ್ ತೆಗೆದುಕೊಂಡು ಇಪ್ಪತ್ತಾರು ಅಕ್ಷರಗಳನ್ನೂ ಕಿತ್ತು ತಟ್ಟೆಗೆ ಹಾಕಿದರು. ಪುಡಿ ಸಿಗಲಿಲ್ಲ. ಸಿಕ್ಕಿದ್ದು ಒಂದು ನರೆತ ಕೂದಲು. (ಟೀಚರ ತಲೆಯಲ್ಲಿ ಇನ್ನೂ ಒಂದೂ ನರೆಯಿಲ್ಲ. ಈ ಸಂಗತಿ ರಿಜಿಸ್ಟರಿಗೆ ಹೋಗಲಿಲ್ಲ.)

ಮತ್ತೆ ಜೋಡಿಸುವಾಗ ಅವರ ತುಟಿ ಸೊಟ್ಟಗಾಯಿತು. "ಇದನ್ನ ಮಾಡಿದೋನಿಗೆ ಎಬಿಸಿಡಿನೇ ಬರಲ್ಲ ಅಂತ ಕಾಣತ್ತೆ. ಶುರುವಿನಲ್ಲೇ ಕ್ಯೂ ಇಟ್ಟಿದ್ದ! ನಮ್ಮ ಕಾರ್ಖಾನೇಲಾಗಿದ್ರೆ ಬುಟ್ಟಿಗೆ ಹಾಕ್ತಿದ್ದೆ." ಎಂದವರೇ, ಎ ಇಂದ ಝಡ್‌ವರೆಗೆ ಮಕ್ಕಳನ್ನು ಪ್ರಾರ್ಥನೆಗೆ ನಿಲ್ಲಿಸಿದ ಹಾಗೆ ಸಾಲಾಗಿ ಕೂರಿಸಿದರು.

ಗಂಟೆ ಎರಡಾಯಿತು. ಟೀಚರ್ ಬೀದಿಯ ತುದಿಯ ಅಂಗಡಿಯ ರಿಪೇರಿಯಾಕೆಗೆ ಫೋನ್ ಮಾಡಿದರು.

"ನಾನಿರುವಾಗ ರಿಪೇರಿಯವರಾ?"

"ನೀವಿರೋದಕ್ಕೇ ಕರೀತಿದ್ದೀನಿ."

ರಿಪೇರಿಯಾಕೆ ಬಂದು, ತಾನು ತಂದ ಬೇರೆ ಕೀಬೋರ್ಡ್ ಸಿಕ್ಕಿಸಿ ಕೊಟ್ಟಳು. ಟೀಚರ್ ಪಾಸ್‌ವರ್ಡ್ ಒತ್ತಿದರು, ಯಂತ್ರ ತೆರೆದುಕೊಂಡಿತು. ಆಕೆ ಮೌಸಿನಿಂದ ಅಲ್ಲಿ ಇಲ್ಲಿ ಒತ್ತಿ ನೋಡಿ ಹೇಳಿದಳು: "ಮೇಡಂ, ಇದರ ಕೀಬೋರ್ಡ್ ಕೆಟ್ಟೇ ಇಲ್ಲ. ಯಾರೋ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದ್ದಾರೆ."

"ಯಾರೋ ಅಂತೆ! ಬರೆದಾಗಿದೆಯಲ್ಲ, ನಾಲ್ಕನೇ ಕಲಂ ನೋಡಮ್ಮ," ಎಂದು ಇನ್ಸ್‌ಪೆಕ್ಟರು ರಿಜಿಸ್ಟರನ್ನೇ ಮುಂದೆ ಚಾಚಿದರು. ಬುದ್ಧಿವಂತರು ಎಡವುವುದು ಹೀಗೆ. ಟೀಚರ್ ಅದನ್ನು ಇಸಿದುಕೊಂಡು ಒಂದು ಪುಟ ಹಿಂದಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿದರು: "ಮಂಗಳವಾರ. ಕೀಬೋರ್ಡ್ ಒರೆಸಿದೆ. ಒರೆಸುವಾಗ ಪರದೆಯಲ್ಲಿ ಅಕ್ಷರ ಮೂಡದಿರಲೆಂದು ವಿಡಿಯೋ ನೋಡಿ ಆಫ್ ಮಾಡಿದೆ. ಮರೆಯದೆ ಆನ್ ಮಾಡುವುದು."

ರಿಪೇರಿಯಾಕೆಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ಬರೆದಿಟ್ಟಿದ್ನಲ್ಲ! ನೀನು ಬಂದ ತಕ್ಷಣ ಓದ್ಬೇಕಿತ್ತು," ಎಂದರು ಇನ್ಸ್‌ಪೆಕ್ಟರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಒಂದು ಕ್ಲಿಕ್ಕಿಗೆ ಕೀಬೋರ್ಡ್ ಜೀವ ಪಡೆಯಿತು. ಆಗಲೇ ರಿಪೇರಿಯಾಕೆ ಅಕ್ಷರಗಳ ಸಾಲು ನೋಡಿದ್ದು. "ಅಯ್ಯೋ, ಇದೇನು ಸರ್ ಹೀಗೆ ಜೋಡಿಸಿದ್ದೀರಿ! ಮೇಲೆ ಎ ಅಂತಿದ್ರೂ ಒತ್ತಿದ್ರೆ ಕ್ಯೂನೇ ಬರೋದು. ಮೇಡಂ, ಕಿತ್ತು ಸರಿ ಮಾಡ್ಲಾ?"

ಟೀಚರ್ ಆಗಲೇ ಪರದೆ ನೋಡುತ್ತ ಪಟಪಟ ಒತ್ತುತ್ತಿದ್ದರು. ಇಪ್ಪತ್ತು ವರ್ಷ ಪ್ರಶ್ನೆಪತ್ರಿಕೆ ಕುಟ್ಟಿದ ಬೆರಳುಗಳಿಗೆ ಅಕ್ಷರ ನೋಡುವ ಅಗತ್ಯವಿರಲಿಲ್ಲ. "ಬೇಡಮ್ಮ, ಹಾಗೇ ಇರಲಿ," ಎಂದರು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಪ್ರಶ್ನೆಪತ್ರಿಕೆ ಹೋಯಿತು.

ಭಾನುವಾರ ಬೆಳಿಗ್ಗೆ ಇನ್ಸ್‌ಪೆಕ್ಟರು ಕಟ್ಟಡದ ಸೆಕ್ರೆಟರಿಗೆ ವಾರದ ದೂರು ಬರೆಯಲು ಕೂತರು. ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ, ಪಾಸ್‌ವರ್ಡ್ ಒತ್ತಿದರು. 'ತಪ್ಪು' ಎಂದಿತು ಯಂತ್ರ. ಕನ್ನಡಕ ಒರೆಸಿಕೊಂಡು ಮತ್ತೆ ಒತ್ತಿದರು. ಮತ್ತೆ 'ತಪ್ಪು'.

"ಏನೇ, ಇದು ಕೆಟ್ಟಿದೆ! ನನ್ನನ್ನ ಒಳಗೇ ಬಿಡ್ತಿಲ್ಲ!"

ಟೀಚರ್ ರಿಜಿಸ್ಟರ್ ತಂದು ಮುಂದಿಟ್ಟರು. ಹೊಸ ಸಾಲಿನಲ್ಲಿ ದಿನ, ವಸ್ತು, ಕಾರಣ ಎಲ್ಲ ಬರೆದಾಗಿತ್ತು. ನಾಲ್ಕನೆಯ ಕಲಂ ಮಾತ್ರ ಖಾಲಿ.

"ಅದನ್ನ ನೀವೇ ತುಂಬಿ," ಎಂದು ಪೆನ್ನು ಕೊಟ್ಟರು. "ಇದಕ್ಕೆ ಪಾಸ್‌ವರ್ಡ್ ಬೇಡ."