ಒತ್ತು, ಹಿಡಿ, ಬಿಡು

ನಮ್ಮ ಯಜಮಾನರಿಗೆ ಬಾಯಿ ಇದೆ. ಊಟ ಮಾಡುವಾಗ ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಅದರಿಂದ ಮಾತು ಹೊರಡುವುದನ್ನು ನೋಡುವ ಭಾಗ್ಯ ಮಾತ್ರ ಅಪರೂಪ. "ಹೂಂ", "ಊಹೂಂ", "ಆಯ್ತು" ಇಷ್ಟೇ ಅವರ ಶಬ್ದಭಂಡಾರ. (ಭಂಡಾರ ಅನ್ನುವುದೂ ಹೆಚ್ಚಾಯಿತು, ಡಬ್ಬಿ ಅನ್ನೋಣ.) ವೃತ್ತಿಯಲ್ಲಿ ಬಡಗಿ. ಬಾಗಿಲು ಕಿಟಕಿಗಳನ್ನು ಮಾಡಿ, ತಮ್ಮ ಹಳೆಯ ಪಿಕಪ್‌ಗೆ ಏರಿಸಿ, ಗಿರಾಕಿಗಳ ಮನೆಗೆ ತಾವೇ ಒಯ್ದು ಕೂರಿಸಿ ಬರುತ್ತಾರೆ. ಊರಿಗೆಲ್ಲ ಬಾಗಿಲು ಮಾಡಿಕೊಟ್ಟು, ತಮ್ಮ ಬಾಯಿಗೆ ಮಾತ್ರ ಮೊಳೆ ಹೊಡೆದಿಟ್ಟುಕೊಂಡಿದ್ದಾರೆ.

ಮದುವೆಯಾದ ಹೊಸತರಲ್ಲಿ ನಾಚಿಕೆ ಇರಬೇಕು ಅಂದುಕೊಂಡೆ. ಆಮೇಲೆ ಕೆಲಸದ ಆಯಾಸ ಅಂದುಕೊಂಡೆ. ಈಗ ಏನೂ ಅಂದುಕೊಳ್ಳುವುದಿಲ್ಲ. ಆದರೂ ಸಂಜೆ ಅವರು ಚಪ್ಪಲಿ ಬಿಡುವ ಸದ್ದು ಕೇಳಿದರೆ, ಇವತ್ತಾದರೂ ಏನಾದರೂ ಹೇಳುತ್ತಾರೇನೋ ಅಂತ ಕಿವಿ ತಾನಾಗಿ ನೆಟ್ಟಗಾಗುತ್ತದೆ. ಕಿವಿಗೆ ಬುದ್ಧಿ ಇಲ್ಲ, ಏನು ಮಾಡೋಣ?

ಹೀಗಿರಲು ಒಂದು ಸಂಜೆ ಪಿಕಪ್ ಗೇಟಿನ ಹತ್ತಿರ ನಿಲ್ಲಬೇಕಾದದ್ದು ನಿಲ್ಲದೆ, ನನ್ನ ಹೂಕುಂಡಗಳ ಸಂಸಾರವನ್ನು ನಿರ್ನಾಮ ಮಾಡಿ, ಗೋಡೆಗೆ ಮೂತಿ ಒರಗಿಸಿ ನಿಂತಿತು. ಹಿಂದಿನ ಚಕ್ರಗಳ ಬ್ರೇಕು ಸತ್ತಿತ್ತು. ಮರುದಿನ ಇವರು ಹೊಸ ಬ್ರೇಕ್ ಶೂ, ಸ್ಪ್ರಿಂಗು, ಸಿಲಿಂಡರುಗಳನ್ನು ತಂದು ಅಂಗಳದಲ್ಲಿ ಹರಡಿದರು. "ಮೆಕ್ಯಾನಿಕ್‌ನ ಕರೀಬಾರ್ದಾ?" ಎಂದೆ. "ಊಹೂಂ." ಬಾಗಿಲು ಕೂರಿಸುವವನಿಗೆ ಬ್ರೇಕು ಕೂರಿಸುವುದು ಯಾವ ಮಹಾ ಅನ್ನುವ ಅರ್ಥ ಆ ಊಹೂಂನಲ್ಲಿತ್ತು. (ಸಂಸಾರ ಮಾಡಿ ಮಾಡಿ ನಾನು ಊಹೂಂ ಪಂಡಿತೆಯಾಗಿದ್ದೇನೆ.)

ಎಲ್ಲ ಜೋಡಿಸಿದ ಮೇಲೆ ಅಡುಗೆಮನೆಗೆ ಬಂದು "ಬಾ" ಎಂದರು. ಕೈ ಒರೆಸಿಕೊಂಡು ಓಡಿದೆ. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ತಾವು ಹಿಂದಿನ ಚಕ್ರದ ಬಳಿ ಗಾಡಿಯ ಅಡಿಗೆ ತೂರಿಕೊಂಡರು.

"ನೋಡು, ಎಣ್ಣೆ ಪೈಪ್ ಬಿಚ್ಚಿದ್ನಲ್ಲ, ಒಳಗೆ ಗಾಳಿ ಸೇರ್ಕೊಂಡಿದೆ. ಒತ್ತು ಅಂದಾಗ ಪೆಡಲ್ ನಾಕೈದು ಸಲ ಒತ್ತಿ, ಹಿಡ್ಕೊಂಡಿರು. ನಾನು ಈ ನಟ್ಟು ಸಡಿಲ ಮಾಡಿ ಗಾಳಿ ಹೊರಗೆ ಬಿಡ್ತೀನಿ. ಮತ್ತೆ ಬಿಗಿ ಮಾಡಿ ಬಿಡು ಅನ್ನೋವರ್ಗೂ ಕಾಲು ಎತ್ತಬೇಡ. ಎತ್ತಿದ್ಯೋ, ಗಾಳಿ ವಾಪಸ್ ಒಳಗೆ ಹೋಗತ್ತೆ."

ನಾನು ಸೀಟಿನಿಂದ ಬೀಳುವುದೊಂದು ಬಾಕಿ. ಇಷ್ಟುದ್ದದ ಭಾಷಣವನ್ನು ಅವರು ನಮ್ಮ ಮದುವೆಯಲ್ಲೂ ಮಾಡಿರಲಿಲ್ಲ.

"ಒತ್ತು." ಒತ್ತಿದೆ. "ಹಿಡಿ." ಹಿಡಿದೆ. "ಬಿಡು." ಬಿಟ್ಟೆ. ಪೆಡಲು ಹತ್ತಿ ತುಳಿದ ಹಾಗೆ ಮೆತ್ತಗಿತ್ತು. ಕಾಲಡಿಯ ತಗಡಿನ ಕೆಳಗಿನಿಂದ ಮತ್ತೆ ಧ್ವನಿ ಬಂತು.

"ಆ ನೀಲಿ ಪರದೆ ಯಾಕೆ ತೆಗ್ದೆ?"

"ಯಾವ ಪರದೆ ರೀ?"

"ಮೊದಲ್ನೇ ವರ್ಷ ಹಾಕಿದ್ಯಲ್ಲ. ನಂಗೆ ತುಂಬಾ ಇಷ್ಟ ಇತ್ತು."

"ನೀವು ಏನೂ ಹೇಳ್ಲಿಲ್ಲ, ಇಷ್ಟ ಇಲ್ವೇನೋ ಅಂತ ತೆಗ್ದೆ! ಆಗ್ಲೇ ಹೇಳೋಕೇನಾಗಿತ್ತು?"

"ಎದುರಿಗೆ ನಿಂತ್ರೆ ನಂಗೆ ಮಾತೇ ಬರಲ್ಲ ಕಣೆ. ಒತ್ತು."

ಒತ್ತಿದೆ. ಎದೆಯೊಳಗೆ ಏನೋ ಒತ್ತಿ ಬಂತು. ಹೀಗೆ ಒತ್ತು, ಹಿಡಿ, ಬಿಡುಗಳ ನಡುವೆ ಒಂದೊಂದೇ ಮಾತು ಉದುರತೊಡಗಿತು. ಲಿಫ್ಟಿಗೆ ಹೆದರಿ ಬಾಗಿಲು ಹೊತ್ತು ಮಹಡಿ ಹತ್ತಿದ್ದು, ಮೊದಲ ಗಿರಾಕಿಗೆ ಅಳತೆ ತಪ್ಪಿ ಬೆಕ್ಕು ಮಾತ್ರ ಹೋಗುವಂಥ ಬಾಗಿಲು ಮಾಡಿದ್ದು. ನಾನು ಮೇಲೆ ಕೂತು ನಕ್ಕೂ ನಕ್ಕೂ ಸುಸ್ತಾದೆ. ಅಷ್ಟರಲ್ಲಿ ಪೆಡಲು ಗಟ್ಟಿಯಾಗತೊಡಗಿತು. ಅಂದರೆ ಗಾಳಿ ಮುಗಿಯುತ್ತಿದೆ. ಅಂದರೆ ಕೆಲಸ ಮುಗಿಯುತ್ತಿದೆ. ಅಂದರೆ ನಾಳೆಯಿಂದ ಮತ್ತೆ "ಹೂಂ".

ಅವರು ನಟ್ಟು ಸಡಿಲ ಮಾಡಿದ ಹೊತ್ತಿಗೆ ನಾನು ಕಾಲನ್ನು ಒಂಚೂರು, ಒಂದೇ ಒಂಚೂರು ಮೇಲೆತ್ತಿದೆ.

"ಇನ್ನೂ ಗುಳ್ಳೆ ಬರ್ತಿದ್ಯಲ್ಲಾ! ನಾಳೆ ನೋಡ್ಬೇಕು" ಎಂದಿತು ಕೆಳಗಿನ ಧ್ವನಿ.

ನಾಳೆ! ಎಂಥ ಸೊಗಸಾದ ಪದ.

ಮರುದಿನ ಅವರು ಚಕ್ರದ ಡ್ರಮ್ಮು ಬಿಚ್ಚಿ, ಬ್ರೇಕಿನ ಗಿಡ್ಡ ಶೂ ಮುಂದೆ, ಉದ್ದ ಶೂ ಹಿಂದೆ ಇದೆಯೇ ಅಂತ ಪರೀಕ್ಷಿಸಿದರು. ಇತ್ತು. ಅದರ ಮರುದಿನ, ಶೂ ಬಿಗಿ ಮಾಡುವ ಎಡಗಡೆಯ ಹಲ್ಲಿನ ಚಕ್ರ ಬಲಗಡೆಗೆ ಹೋಯಿತೇನೋ ಅಂತ ಅದನ್ನೂ ಬಿಚ್ಚಿದರು. ಹೋಗಿರಲಿಲ್ಲ. ಪಾಪ, ನಿರಪರಾಧಿಗಳಾದ ಬಿಡಿಭಾಗಗಳೆಲ್ಲ ವಿಚಾರಣೆಗೆ ಒಳಗಾದವು. ನಿಜವಾದ ಅಪರಾಧಿ ಮಾತ್ರ ದಿನಾ ಸಂಜೆ ತಲೆ ಬಾಚಿಕೊಂಡು, ಒಳ್ಳೆ ಸೀರೆ ಉಟ್ಟು ಪೆಡಲಿನ ಮುಂದೆ ಹಾಜರಾಗುತ್ತಿದ್ದಳು. ಒಂದು ಸಂಜೆ ಅವರು, "ನೀನು ಪಾತ್ರೆ ತೊಳೀತಾ ಗುನುಗ್ತೀಯಲ್ಲ, ಅದನ್ನ ಕೇಳ್ಬೇಕೂಂತ ನಾನು ಗರಗಸ ನಿಲ್ಲಿಸ್ತೀನಿ" ಎಂದರು. ಆ ಸಲ ಮಾತ್ರ ನನ್ನ ಕಾಲು ನಿಜವಾಗಿಯೂ ಜಾರಿತು.

ಅದೇ ನನಗೆ ಮುಳುವಾಯಿತು. "ನಿನ್ನ ಕಾಲಲ್ಲಿ ಶಕ್ತಿ ಇಲ್ಲ" ಅಂತ ತೀರ್ಪು ಬಂತು. "ನಾಳೆ ಅಮ್ಮ ಒತ್ಲಿ."

ಮಂಡಿನೋವಿನಿಂದ ಬಟ್ಟೆ ಒಣಗಿಸಲು ಹಿತ್ತಲಿಗೂ ಬರಲಾರದ ನಮ್ಮ ಅತ್ತೆ, ಹುಡುಗಿಯ ಹಾಗೆ ಸೆರಗು ಸಿಕ್ಕಿಸಿಕೊಂಡು ಪಿಕಪ್ ಹತ್ತಿದರು. ನಾನು ಅಡುಗೆಮನೆಯ ಕಿಟಕಿಯಲ್ಲಿ ಕಣ್ಣಾಗಿ ನಿಂತೆ. ಗಾಡಿಯ ಕೆಳಗಿನಿಂದ ಅವರ ಧ್ವನಿ, ಮೇಲಿನಿಂದ ಅತ್ತೆಯ ನಗು. ಪಾತ್ರೆ ಕೈಯಲ್ಲಿ ಹಿಡಿದು ಹೊಟ್ಟೆ ಉರಿದುಕೊಂಡೆ. ಆ ಮಾತುಗಳಲ್ಲಿ ಒಂದಾದರೂ ನನ್ನ ಪಾಲಿಗೆ ಬರಬಾರದೇ ಅನ್ನಿಸಿತು.

"ಹಾಗಾದ್ರೆ ಆ ಪೆಟ್ಟಿಗೆ ಮುರಿದದ್ದು ನೀನೇನೋ ಮಗಾ? ಇಷ್ಟು ವರ್ಷ ನಿಮ್ಮಪ್ಪನ್ನ ಬೈತಿದ್ನಲ್ಲೋ!"

"ಹೂಂ ಅಮ್ಮ. ಒತ್ತು. ಹಿಡ್ಕೋ."

ಡ್ರೈವರ್ ಕಡೆಯ ಬಾಗಿಲು ಹಾರು ಹೊಡೆದಿತ್ತು. ನನಗೆ ಎಲ್ಲ ಕಂಡಿತು. ಮಗ ಸ್ಪ್ಯಾನರ್ ತಿರುಗಿಸಿದ ಕೂಡಲೇ ತಾಯಿಯ ಪಾದ ಒಂಚೂರು, ಒಂದೇ ಒಂಚೂರು ಮೇಲೆದ್ದಿತು.

ನನ್ನದೇ ವಿದ್ಯೆ! ಯಾರಿಗೆ ದೂರು ಕೊಡಲಿ? ದೂರು ಕೊಟ್ಟರೆ ಮೊದಲು ಒಳಗೆ ಹೋಗುವವಳು ನಾನೇ. ಅತ್ತೆಗೂ ಮಗನ ಮಾತಿನ ಹಸಿವು ಇತ್ತು ಅಂತ ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ಹೀಗೆ ಮೂರ್ನಾಲ್ಕು ಸಂಜೆ ಕಳೆದ ಮೇಲೆ, ಊಟದ ಮಧ್ಯೆ ಅವರು ಕೈ ನಿಲ್ಲಿಸಿ ಎದುರಿಗೇ ಮಾತಾಡಿದರು.

"ನನ್ನ ಕೈಲಿ ಆಗಲ್ಲ. ಗಾಡಿ ಮಾರಿಬಿಡ್ತೀನಿ. ಏನು ತಪ್ಪು ಮಾಡಿದ್ದೀನಿ ಅಂತಾನೇ ಗೊತ್ತಾಗ್ತಿಲ್ಲ."

ಹಾಗೆ ಹೇಳಿ ತಮ್ಮ ಕೈಗಳನ್ನು ನೋಡಿಕೊಂಡರು. ಕಣ್ಣು ಮುಚ್ಚಿ ಬಾಗಿಲಿಗೆ ತಿರುಪು ಬಿಗಿಯುವ ಕೈಗಳು ಅವು. ಅತ್ತೆ ನನ್ನನ್ನು ನೋಡಿದರು, ನಾನು ಅತ್ತೆಯನ್ನು ನೋಡಿದೆ, ಇಬ್ಬರೂ ಬೇರೆ ಕಡೆ ನೋಡಿದೆವು.

ಬೆಳಿಗ್ಗೆ ಅವರು ಕರೆಯುವ ಮೊದಲೇ ಸೀಟಿನಲ್ಲಿ ಹೋಗಿ ಕೂತೆ. "ಕೊನೇ ಸಲ ನೋಡೋಣ ಬನ್ನಿ" ಎಂದೆ. ಒತ್ತು ಅಂದಾಗ ಒತ್ತಿದೆ. ಹಿಡಿ ಅಂದಾಗ ಎರಡೂ ಕಾಲಿನಲ್ಲಿ ಹಿಡಿದೆ. ಬಿಡು ಅನ್ನುವವರೆಗೆ, ಬಿಡಲು ಎಷ್ಟೇ ಆಸೆಯಾದರೂ, ಬಿಡಲಿಲ್ಲ. ಎಣ್ಣೆ ಗುಳ್ಳೆಯಿಲ್ಲದೆ ಬಂತು. ಪೆಡಲು ಕಲ್ಲಾಯಿತು. ಅವರು ಹೊರಬಂದು, ಮುಖದ ತುಂಬ ಕಪ್ಪು ಎಣ್ಣೆ ಬಳಿದುಕೊಂಡು ನಕ್ಕರು. ಆ ನಗು ಒಂದೇ ಸಾಕು ಅಂದುಕೊಂಡೆ, ನನಗೆ ಬೇರೇನೂ ಬೇಡ.

"ಅಮ್ಮ ಇಷ್ಟು ದಿನ ಒತ್ತಿದ್ದಕ್ಕೇ ಗಾಳಿ ಎಲ್ಲ ಸಡಿಲ ಆಗಿದ್ದು" ಎಂದರು ಯಜಮಾನರು. "ಬಾಮ್ಮ, ಒಂದು ಸುತ್ತು ಹೋಗ್ಬರೋಣ."

ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ ಮುಂದಿನ ಸೀಟಿನಲ್ಲಿ ವಿರಾಜಮಾನರಾದರು. ಮೂರನೆಯವರಿಗೆ ಜಾಗವಿಲ್ಲ, ಅಲ್ಲಿ ಉಪಕರಣದ ಪೆಟ್ಟಿಗೆ. ನಾನು ಗೇಟಿನಲ್ಲಿ ನಿಂತು, ತಿರುವಿನಲ್ಲಿ ಪಿಕಪ್ ಅಚ್ಚುಕಟ್ಟಾಗಿ ನಿಂತು ಹೊರಟದ್ದನ್ನು ನೋಡಿದೆ. ಈಗ ಏನು ಹೇಳುತ್ತಿರಬಹುದು? ಪರದೆಯ ವಿಷಯವೇ? ಬಾಲ್ಯದ ವಿಷಯವೇ?

ವಾಪಸು ಬಂದಾಗ ಅವರು ಬಟ್ಟೆ ತೆಗೆದುಕೊಂಡು ಗಾಡಿ ಒರೆಸಲು ಹೋದರು. ಅತ್ತೆ ಮಂಡಿ ಹಿಡಿದುಕೊಂಡು ಬಂದು ಅಡುಗೆಮನೆಯ ಮೆಟ್ಟಿಲಿನ ಮೇಲೆ ನನ್ನ ಪಕ್ಕ ಕೂತರು.

"ಏನಂದ್ರು ಅತ್ತೆ?"

"'ಹಿಡೀತಿದೆ' ಅಂದ."

"ಆಮೇಲೆ?"

"ಆಮೇಲೇನು? ಮಾರ್ಕೆಟ್ ತನಕ ಹೋಗಿ ಬಂದ್ವಿ. ಅಷ್ಟೇ."

ಅಂಗಳದಲ್ಲಿ ಅವರು ಗಾಜು ಒರೆಸುತ್ತಿದ್ದರು. ಅತ್ತೆ ಸ್ವಲ್ಪ ಹೊತ್ತು ಮಗನನ್ನೇ ನೋಡಿ, ನನ್ನ ತೊಡೆಗೆ ಚಟ್ಟಂತ ಒಂದು ಏಟು ಕೊಟ್ಟರು.

"ಅಷ್ಟು ಸರಿಯಾಗಿ ಒತ್ತು ಅಂತ ನಿನಗೆ ಯಾರೇ ಹೇಳಿದ್ದು?"