ಪುಸ್ತಕದಲ್ಲಿ ಇಲ್ಲದ ನಾಯಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗ. ಅಪ್ಪ ಗದಗಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ನಾನೂ ಬೆಳಿಗ್ಗೆ ಅವನ ಜೊತೆ ಲಾರಿಗೆ ಚೀಲ ಏರಿಸಿ, ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮಾಡಿದೆ. ಆ ಪ್ರಮಾಣಪತ್ರ ಈಗ ದೋಹಾದ ಅಲ್ ಹಿಲಾಲ್‌ನ ನಮ್ಮ ಫ್ಲಾಟಿನಲ್ಲಿ, ಹಾಲ್‌ನ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗಿದೆ. ಮನೆಗೆ ಬಂದವರಿಗೆ ಮೊದಲು ಅದರ ದರ್ಶನ, ಆಮೇಲೆ ನೀರು.

ಅದರ ಕೆಳಗೆ ಒಂದು ಪುಸ್ತಕದ ಕಪಾಟಿದೆ. ಕೆಂಪು, ನೀಲಿ ರಟ್ಟಿನ, ಬಂಗಾರದ ಅಕ್ಷರದ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳು. ಬಂದವರು ಒಮ್ಮೆ ಡಿಗ್ರಿ ನೋಡಿ, ಒಮ್ಮೆ ಕಪಾಟು ನೋಡಿ ತಲೆದೂಗುತ್ತಾರೆ. ನಿಜ ಹೇಳಬೇಕೆಂದರೆ ನಾನು ಕೊಂಡದ್ದು ಕಪಾಟನ್ನು ಮಾತ್ರ. ಮೇಲಿನ ಮಹಡಿಯ ಕುಟುಂಬವೊಂದು ವೀಸಾ ಮುಗಿಸಿ ಊರಿಗೆ ಹೊರಟಾಗ ಸಾಮಾನೆಲ್ಲ ಮಾರಿದರು. ಪುಸ್ತಕ ಇಳಿಸಿಕೊಡಲು ಅವರಿಗೆ ಪುರುಸೊತ್ತಿರಲಿಲ್ಲ. ಹೀಗೆ ನಾನು ಒಂದೇ ಲಿಫ್ಟಿನಲ್ಲಿ ವಿದ್ವಾಂಸನಾದೆ. ಪ್ರತಿ ಶುಕ್ರವಾರ ಒದ್ದೆ ಬಟ್ಟೆಯಿಂದ ಅವುಗಳನ್ನು ಒರೆಸುತ್ತೇನೆ. ನಮ್ಮ ಸಂಬಂಧ ಅಷ್ಟೇ ಇತ್ತು.

ಎಂಟನೇ ಕ್ಲಾಸಿನ ಮಗಳು ಸೃಷ್ಟಿ ಒಂದು ದಿನ ಶಾಲೆಯ ಪತ್ರ ಹಿಡಿದು ಬಂದಳು. ಪುಸ್ತಕ ದಿನಕ್ಕೆ ಪ್ರತಿ ಕ್ಲಾಸಿಗೂ ಒಬ್ಬ ಪಾಲಕರು ಬಂದು ಒಂದು ಹಳೆಯ ಕಾದಂಬರಿಯ ಬಗ್ಗೆ ಮಾತಾಡಬೇಕಂತೆ.

"ಪಪ್ಪಾ, ನಾನು ನಿಮ್ಮ ಹೆಸರು ಕೊಟ್ಟೆ. ಆ ನೀಲಿ ಬುಕ್. ಕಪಾಟಿನಲ್ಲಿ ಇರೋ ಬುಕ್ಸ್ ಎಲ್ಲಾ ಪಪ್ಪಾ ಓದಿದಾರೆ ಅಂತ ಮಿಸ್‌ಗೆ ಹೇಳಿದೆ. ಓದಿದೀರಿ ಅಲ್ವಾ?"

ಮಗಳ ಕಣ್ಣಲ್ಲಿ ಆ ಕ್ಷಣ ನಾನು ಡಿಗ್ರಿಯ ಚೌಕಟ್ಟಿಗಿಂತ ಎತ್ತರದಲ್ಲಿದ್ದೆ. ಅಲ್ಲಿಂದ ಇಳಿಯುವ ಮನಸ್ಸಾಗಲಿಲ್ಲ.

"ಓದಿದ್ದು ಬಾಳ ವರ್ಷ ಆತು. ಒಮ್ಮೆ ಮ್ಯಾಲೆ ಮ್ಯಾಲೆ ನೋಡಿದ್ರ ಸಾಕು" ಎಂದೆ.

ಮರುದಿನ ಪುಸ್ತಕ ತೆಗೆದೆ. ಮಧ್ಯದಲ್ಲೊಂದು ಹೇರ್‌ಪಿನ್ ಸಿಕ್ಕಿಸಿತ್ತು. ಮಗಳ ಕೆಲಸವೆಂದುಕೊಂಡೆ. ಮೊದಲ ವಾಕ್ಯ ಶುರು ಮಾಡಿದೆ. ಅದು ಹನ್ನೊಂದು ಸಾಲು ಇತ್ತು. ಏಳನೆಯ ಸಾಲಿನಲ್ಲಿ ಕ್ರಿಯಾಪದ ಹುಡುಕುತ್ತಾ ದಾರಿ ತಪ್ಪಿದೆ. ಒಟ್ಟು ಆರುನೂರ ಹನ್ನೆರಡು ಪುಟ. ಮುಚ್ಚಿ, ಒರೆಸಿ, ಇಟ್ಟೆ.

ನಾನು ದೋಹಾದ ಪಕ್ಕದ ಲುಸೈಲ್‌ನ ಒಂದು ಕಟ್ಟಡ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ನಕ್ಷೆ ಬದಲಾದಾಗಲೆಲ್ಲ ಹಳೆಯದರ ಮೇಲೆ 'ಸೂಪರ್‌ಸೀಡೆಡ್' ಎಂದು, ಅಂದರೆ ಇದು ಇನ್ನು ನಡೆಯದು ಎಂದು, ಕೆಂಪು ಮುದ್ರೆ ಒತ್ತಿ ಮೂಲೆಗೆ ಹಾಕುವುದು, ಹೊಸದನ್ನು ಸೈಟಿಗೆ ಕಳಿಸುವುದು ನನ್ನ ಕೆಲಸ. ಮೂಲ ನೋಡದೆ ಯಾವುದೋ ನಕಲು ನಂಬಿ ಗೋಡೆ ಕಟ್ಟಿಸಿದ ಎಂಜಿನಿಯರುಗಳಿಗೆ ನಾನು ಮಾಡುವ ಉಪದೇಶ ಆಫೀಸಿನಲ್ಲಿ ಪ್ರಸಿದ್ಧ. ಈ ವಿಷಯ ದಯವಿಟ್ಟು ನೆನಪಿಡಿ.

ಪಕ್ಕದ ಟೇಬಲಿನ ಮಂಗಳೂರಿನ ಶೆಟ್ಟರಿಗೆ ಕಷ್ಟ ಹೇಳಿಕೊಂಡೆ.

"ಅಷ್ಟು ದಪ್ಪದ್ದು ಯಾರು ಓದ್ತಾರೆ ಮಾರಾಯ್ರೆ? ಅದರದ್ದು ಹಳೇ ಹಾಲಿವುಡ್ ಪಿಕ್ಚರ್ ಉಂಟು. ಬ್ಲ್ಯಾಕ್ ಅಂಡ್ ವೈಟ್. ಎರಡು ಗಂಟೆ, ಖಲಾಸ್."

"ಪುಸ್ತಕದ್ದ ಕತಿ ಇರ್ತೈತೇನ್ರಿ?"

"ಮತ್ತೆಂತ? ಹೆಸರೇ ಅದು ಅಲ್ವಾ?"

ನನಗೆ ಕಾಲೇಜು ನೆನಪಾಯಿತು. ಬಿ.ಕಾಂ.ನಲ್ಲೂ ಇಂಗ್ಲಿಷಿಗೆ ಒಂದು ಕಾದಂಬರಿ ಇತ್ತು. ಅದರ ಮುಖ ನಾವ್ಯಾರೂ ನೋಡಿರಲಿಲ್ಲ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಗುತ್ತಿದ್ದ ತೆಳು ಗೈಡು ಬಾಯಿಪಾಠ ಮಾಡಿ ಇಡೀ ಕ್ಲಾಸೇ ಪಾಸಾಗಿತ್ತು. ಸಿನಿಮಾ ಎಂದರೇನು? ಅಲುಗಾಡುವ ಗೈಡು!

ಶುಕ್ರವಾರ ಮಧ್ಯಾಹ್ನ ಟಿ.ವಿ. ಮುಂದೆ ನೋಟ್‌ಬುಕ್ ಹಿಡಿದು ಕೂತೆ. ಪಿಕ್ಚರ್ ಶುರುವಾದದ್ದೇ ಒಂದು ಪುಸ್ತಕ ತೆರೆಯುವ ದೃಶ್ಯದಿಂದ. ಪುಟಗಳು ತಾವೇ ಮಗುಚಿದವು. ಇನ್ನೇನು ಸಾಕ್ಷಿ ಬೇಕು? ಬಂದರೂರಿನಲ್ಲಿ ಬಟ್ಟೆ ಹೊಲಿಯುವ ಬಡ ಹುಡುಗಿ. ಅವಳನ್ನು ಮೆಚ್ಚುವ ಹಡಗಿನ ಕ್ಯಾಪ್ಟನ್. ಬೆಂಕಿ ಬಿದ್ದ ಮನೆಯಿಂದ ಅವಳ ತಮ್ಮನನ್ನು ಎಳೆದು ತರುವ ಒಂದು ನಾಯಿ. ಕೊನೆಗೆ ಹಡಗು ಹೊರಟಾಗ ಕ್ಯಾಪ್ಟನ್ ನೀರಿಗೆ ಹಾರಿ, ಈಜಿ ಬಂದು, ಒದ್ದೆ ಕೋಟಿನಲ್ಲೇ ಮದುವೆಯಾಗುತ್ತಾನೆ. ನಾನು ಅತ್ತೆ. ನಾಯಿಗಾಗಿ ವಿಶೇಷವಾಗಿ ಅತ್ತೆ.

ಹದಿನಾಲ್ಕು ಪುಟ ಟಿಪ್ಪಣಿಯಾಯಿತು. ಮಗಳು ಡಾನ್ಸ್ ಕ್ಲಾಸಿಗೆ ಹೋದಾಗ ಹೆಂಡತಿ ಗಿರಿಜಾಳನ್ನು ಕೂರಿಸಿ ಪೂರ್ವಾಭ್ಯಾಸ ಮಾಡಿದೆ. ಅವಳು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅವಳಿಗೆ ಅರ್ಥವಾಗುವಂತೆ ನಡುನಡುವೆ ಕನ್ನಡದಲ್ಲೂ ಹೇಳಿದೆ.

"ಎಲ್ಲಾ ಚಲೋ ಐತ್ರಿ. ಆದ್ರ ಆ ನಾಯಿ ಎಲ್ಲಿಂದ ಬಂತು?"

"ಕತಿಯೊಳಗ ಐತಿ."

"ಯಾವ ಕತಿಯೊಳಗ?"

"ಗಿರಿಜಾ, ಬಿ.ಕಾಂ. ಆದಾಂವ ನಾನೋ, ನೀನೋ?"

"ನೀವರಿ."

"ಮತ್ತ?"

"ಮತ್ತೇನಿಲ್ಲ. ಅಜ್ಜಿ ಬಗ್ಗೆ ಒಂದು ಮಾತು ಹೇಳಿದ್ರ ಚಂದಿತ್ತು ಅನಿಸ್ತು."

"ಯಾವ ಅಜ್ಜಿ?"

ಅವಳು ಎದ್ದಳು. "ಚಾ ಇಡ್ತೀನಿ" ಎಂದು ಒಳಗೆ ಹೋದಳು. ಪಾಪ, ಯಾವುದೋ ಸೀರಿಯಲ್ಲಿನ ಅಜ್ಜಿಯನ್ನು ಇದರೊಳಗೆ ಸೇರಿಸಿದ್ದಾಳೆ ಎಂದು ನಾನು ಕ್ಷಮಿಸಿದೆ.

ಪುಸ್ತಕ ದಿನ ಬಂತು. ನಾನು ಸಂದರ್ಶನಕ್ಕೆ ಮಾತ್ರ ಹಾಕುವ ಕೋಟು ತೊಟ್ಟೆ. ಗಿರಿಜಾ ವಿಡಿಯೋ ಮಾಡಲು ಮೊಬೈಲ್ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತಳು. ಸೃಷ್ಟಿ ಮುಂದಿನ ಸಾಲಿನಲ್ಲಿ, ಕೈಕಟ್ಟಿಕೊಂಡು, ನಗುತ್ತಾ.

ನನ್ನ ಇಂಗ್ಲಿಷ್ ಮಾತು ಹೊಳೆಯಂತೆ ಹರಿಯಿತು. ಹುಡುಗಿಯ ಕಷ್ಟ ಹೇಳಿದೆ. ಕ್ಯಾಪ್ಟನ್ನನ ಮೀಸೆ ವರ್ಣಿಸಿದೆ. "ಈ ಕಾದಂಬರಿಯ ನಿಜವಾದ ನಾಯಕ ಯಾರು? ನಾಯಿ!" ಎಂದು ಮೇಜು ಗುದ್ದಿದೆ.

ಮೂವತ್ತು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಎರಡು ಜಡೆಯ ಹುಡುಗಿ ಕೈ ಎತ್ತಿದಳು.

"ಅಂಕಲ್, ನಾಯಿ ಯಾವ ಚಾಪ್ಟರ್‌ನಲ್ಲಿ ಬರುತ್ತೆ?"

"ಆರಂಭದಲ್ಲಿ ಬರೋದಿಲ್ಲ" ಎಂದೆ. ಇದು ಮಾತ್ರ ಸತ್ಯವಾಗಿತ್ತು.

ಟೀಚರ್ ಸಹಾಯಕ್ಕೆ ಬಂದರು. "ಸರ್, ಇವರೆಲ್ಲ ಈ ಟರ್ಮ್‌ನಲ್ಲಿ ಪುಸ್ತಕ ಓದಿದ್ದಾರೆ. ಪತ್ರದ ಹಿಂಬದಿ ಬರೆದಿದ್ದೆವಲ್ಲ?"

ಹಿಂಬದಿ. ಹನ್ನೆರಡು ವರ್ಷ ಕಾಗದಪತ್ರ ನೋಡುವುದನ್ನೇ ಉದ್ಯೋಗ ಮಾಡಿಕೊಂಡವನು ಒಂದು ಹಾಳೆ ಮಗುಚಿ ನೋಡಿರಲಿಲ್ಲ.

"ಅಂಕಲ್, ಅಜ್ಜಿ ಬಗ್ಗೆ ನಿಮಗೇನನಿಸಿತು?" ಇನ್ನೊಂದು ಕೈ.

ಮತ್ತೆ ಅಜ್ಜಿ. ಹಿಂದಿನ ಬೆಂಚಿನಲ್ಲಿ ಮೊಬೈಲ್ ಸಣ್ಣಗೆ ನಡುಗಿತು. "ಅಜ್ಜಿಯದು ಚಿಕ್ಕ ಪಾತ್ರ. ಆದರೆ ಮನಸ್ಸಿಗೆ ತಟ್ಟುತ್ತದೆ" ಎಂದೆ.

ಇಡೀ ಕತೆ ಹೇಳುವವಳೇ ಆ ಅಜ್ಜಿಯಂತೆ. ಮೊದಲ ವಾಕ್ಯದಿಂದ ಆರುನೂರ ಹನ್ನೆರಡನೆಯ ಪುಟದವರೆಗೆ.

ಗಾಬರಿಯಲ್ಲಿ ನಾನು ಮದುವೆಗೆ ಓಡಿದೆ. ಮದುವೆ ಮಾಡಿಸಿದರೆ ಎಲ್ಲ ತಣ್ಣಗಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಕ್ಯಾಪ್ಟನ್ನನನ್ನು ನೀರಿಗೆ ಹಾರಿಸಿದೆ, ಈಜಿಸಿದೆ, ತಾಳಿ ಕಟ್ಟಿಸುವುದೊಂದು ಬಾಕಿ ಇತ್ತು. ಕ್ಲಾಸು ಗೊಳ್ಳೆಂದಿತು. ಸೃಷ್ಟಿ ನಗಲಿಲ್ಲ. ತಲೆಯನ್ನು ಮೆಲ್ಲಗೆ ಡೆಸ್ಕಿನ ಮೇಲೆ ಇಟ್ಟಳು. ನನಗೆ ಅವಳ ನೆತ್ತಿಯ ಬೈತಲೆ ಮಾತ್ರ ಕಾಣುತ್ತಿತ್ತು.

"ಸರ್, ನೀವು ಬಹುಶಃ ಸಿನಿಮಾ ನೆನಪಿನಿಂದ ಹೇಳ್ತಿದೀರಿ" ಎಂದು ಟೀಚರ್ ಮರ್ಯಾದೆಯಾಗಿ ಒಂದು ಬಾಗಿಲು ತೆರೆದರು. 'ಹೌದು, ಎರಡೂ ಕಲಸಿಹೋಯಿತು' ಎಂದು ಪಾರಾಗಬಹುದಿತ್ತು. ಆದರೆ ಆ ಬೈತಲೆ ನೋಡುತ್ತಾ ಸುಳ್ಳು ಹೊರಡಲಿಲ್ಲ.

"ನಾನು ಈ ಪುಸ್ತಕ ಓದಿಲ್ಲ" ಎಂದೆ. "ಕಪಾಟಿನಲ್ಲಿರುವ ಯಾವುದನ್ನೂ ಓದಿಲ್ಲ. ಒರೆಸಿದ್ದೇನೆ. ನನ್ನ ಮನೆಯಲ್ಲಿ ಕಾಲೇಜು ಮುಗಿಸಿದವನು ನಾನೇ ಮೊದಲು. ಮುಗಿಸುವ ಅವಸರದಲ್ಲಿ ಓದುವುದು ಉಳಿದುಹೋಯಿತು. ಮಗಳು ನಂಬಿದ್ದಳು, ನಾನು ತಿದ್ದಲಿಲ್ಲ. ತಪ್ಪು ನನ್ನದು, ಅವಳದಲ್ಲ."

ಡೆಸ್ಕಿನ ಮೇಲಿನ ತಲೆ ಅರ್ಧ ಎದ್ದಿತು. "ಒಂದೂ ಓದಿಲ್ವಾ ಪಪ್ಪಾ?"

"ಒಂದು ವಾಕ್ಯ ಓದಿದ್ದೆ. ಅದೂ ಏಳು ಸಾಲು."

ಅವಳು ತುಟಿ ಕಚ್ಚಿದಳು. ಆಮೇಲೆ ತಡೆಯಲಾಗದೆ ನಕ್ಕುಬಿಟ್ಟಳು.

ಆಗ ಹಿಂದಿನ ಬೆಂಚಿನಿಂದ ಧ್ವನಿ ಬಂತು. "ಸೃಷ್ಟಿ, ನಾ ಹೇಳ್ತೀನಿ. ನೀ ಇಂಗ್ಲಿಷಿನ್ಯಾಗ ಹೇಳವ್ವಾ."

ಗಿರಿಜಾ ಎದ್ದು ನಿಂತಿದ್ದಳು. ಮಧ್ಯಾಹ್ನ ನಾವಿಬ್ಬರೂ ಇಲ್ಲದಾಗ, ಮೊಬೈಲಿನಲ್ಲಿ ಅರ್ಥ ಹುಡುಕುತ್ತಾ, ಎಂಟು ತಿಂಗಳಲ್ಲಿ ಆ ಪುಸ್ತಕವನ್ನು ಒಮ್ಮೆ ಮುಗಿಸಿ, ಎರಡನೆಯ ಸಲ ಅರ್ಧಕ್ಕೆ ಬಂದಿದ್ದಳಂತೆ. ಹೇರ್‌ಪಿನ್ ಅವಳದು.

"ಹಡಗ ಹೋಗಿಬಿಡ್ತೈತಿ. ಅಕಿ ಹೋಗೂದಿಲ್ಲ. ಅಳತಾಳ, ಆಮ್ಯಾಲ ಮಶೀನ್ ಮುಂದ ಕುಂಡ್ರತಾಳ. ಅಜ್ಜಿಗೆ ಕಣ್ಣ ಕಾಣೂದಿಲ್ಲ. ಆದ್ರ ಹೊಲಿಗಿ ಸಪ್ಪಳ ಕೇಳಿ, ಇಕಿ ಬದುಕತಾಳ ಅಂತ ಆ ಮುದುಕಿಗೆ ಗೊತ್ತಾಗ್ತೈತಿ. ನನಗ ಅದು ಮದುವಿಗಿಂತ ಚಲೋ ಅನಿಸ್ತು."

ಸೃಷ್ಟಿ ಎದ್ದು ನಿಂತು ವಾಕ್ಯ ವಾಕ್ಯವಾಗಿ ಇಂಗ್ಲಿಷಿಗೆ ತಂದಳು. "ಚಲೋ" ಎಂಬಲ್ಲಿ ತಡವರಿಸಿ, ತಾಯಿಯ ಮುಖ ನೋಡಿ, ಯಾವುದೋ ಒಳ್ಳೆಯ ಪದ ಹುಡುಕಿ ಹಾಕಿದಳು. ಚಪ್ಪಾಳೆ ಬಿತ್ತು. ನಾನೇ ಜೋರಾಗಿ ತಟ್ಟಿದೆ. ಬೋರ್ಡಿನ ಮುಂದೆ ನನಗೆ ಬೇರೆ ಕೆಲಸವೂ ಇರಲಿಲ್ಲ.

ಕಾರಿನಲ್ಲಿ ಕೇಳಿದೆ: "ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ನಲ್ರಿ. ಬಿ.ಕಾಂ. ಅಡ್ಡ ಬಂತು."

ಹಿಂದಿನ ಸೀಟಿನಲ್ಲಿ ಸೃಷ್ಟಿ ವಿಡಿಯೋ ನೋಡಿ ಬಿದ್ದು ಬಿದ್ದು ನಗುತ್ತಿದ್ದಳು. ಮೇಜು ಗುದ್ದುವ ಭಾಗವನ್ನು ಮೂರು ಸಲ ಹಾಕಿದಳು.

ಮರುದಿನ ಆಫೀಸಿನಲ್ಲಿ ನನ್ನ ಹದಿನಾಲ್ಕು ಪುಟಗಳ ಮೇಲೂ 'ಸೂಪರ್‌ಸೀಡೆಡ್' ಮುದ್ರೆ ಒತ್ತಿದೆ. ಶೆಟ್ಟರು ಕೇಳಿದರು, "ಪಿಕ್ಚರ್ ಉಪಯೋಗ ಆಯ್ತಾ?"

"ಬಾಳ ಆತ್ರಿ."

ಈಗ ಸಂಜೆ ಊಟಕ್ಕೆ ಮುಂಚೆ ನಮ್ಮ ಮನೆಯಲ್ಲಿ ಪಾಠ ನಡೆಯುತ್ತದೆ. ನಾನು ಓದಬೇಕು, ಎಸ್ಸೆಸ್ಸೆಲ್ಸಿಯವರು ರೊಟ್ಟಿ ಬಡಿಯುತ್ತಾ ತಿದ್ದುತ್ತಾರೆ, ಎಂಟನೇ ಕ್ಲಾಸಿನವರು ಉಚ್ಚಾರ ನೋಡಿಕೊಳ್ಳುತ್ತಾರೆ. ಆ ಹನ್ನೊಂದು ಸಾಲಿನ ವಾಕ್ಯ ದಾಟಿದೆ. ಕ್ರಿಯಾಪದ ಒಂಬತ್ತನೆಯ ಸಾಲಿನಲ್ಲಿತ್ತು.

ನಿನ್ನೆಗೆ ನಲವತ್ತೇಳನೆಯ ಪುಟ. ಹೇರ್‌ಪಿನ್ ಈಗ ನನ್ನ ವಶದಲ್ಲಿದೆ. ನಾಯಿ ಇನ್ನೂ ಬಂದಿಲ್ಲ. ಆದರೆ ಐದುನೂರ ಅರವತ್ತೈದು ಪುಟ ಬಾಕಿ ಇವೆ, ನಾನಂತೂ ಆಸೆ ಬಿಟ್ಟಿಲ್ಲ.